ಗಂಜಿ ಬೆರೆತ ಸುಣ್ಣ

ರಮಾನಾಥ ಗೋಡೆಯ ಕಪ್ಪಿಗೆ ಮೂಗು ತಾಗುವಷ್ಟು ಬಾಗಿದ.

“ಬ್ಯಾಡ್ರಿ ಅಣ್ಣಾರ,” ಹಿಂದಿನಿಂದ ದಾನವ್ವ ಹೇಳಿದಳು. “ಅದರ ಗಾಳಿ ಕುಡದ ನನ್ನ ಕೂಸು ಹಿಂಗಾಗೇತಿ. ನೀವೂ ಹಾಸಿಗಿ ಹಿಡದ್ರ ಅವರನ್ನ ಹುಡುಕಾವ್ರು ಯಾರು?”

ಅವನು ಹಿಂದೆ ಸರಿಯಲಿಲ್ಲ. ದೂರದಿಂದ ಕಪ್ಪಾಗಿ ಕಂಡ ಬೂಷ್ಟು ಹತ್ತಿರದಿಂದ ಕಪ್ಪಾಗಿರಲಿಲ್ಲ. ನಡುವೆ ಹಸಿರು, ಸುತ್ತ ಬೂದಿ, ಅಂಚಿನಲ್ಲಿ ಬೆಕ್ಕಿನ ಮರಿಯ ಕಿವಿಯ ಮೇಲಿರುವಂಥ ನವಿರು ಕೂದಲು. ಉಸಿರು ಬಿಟ್ಟರೆ ಆ ಕೂದಲು ಅಲುಗುತ್ತಿತ್ತು. ಗೋಡೆ ಮಲಗಿ ನಿದ್ದೆ ಮಾಡುತ್ತಿದೆ, ತಾನು ಅದರ ಮುಖ ನೋಡುತ್ತಿದ್ದೇನೆ ಎನಿಸಿತು.

ಚಾಪೆಯ ಮೇಲೆ ನಾಲ್ಕು ವರ್ಷದ ರಾಚಿ ಕೆಮ್ಮಿದಳು. ಕೆಮ್ಮು ಮುಗಿದ ಮೇಲೂ ಎದೆಯೊಳಗೆ ಏನೋ ಸೀಟಿ ಊದುತ್ತಲೇ ಇತ್ತು.

ಪರೇಲಿನ ಈ ಚಾಳಿನಿಂದ ಶಿವಪುತ್ರಪ್ಪ ಕಾಣೆಯಾದದ್ದು ಶ್ರಾವಣದ ಮಳೆಯಲ್ಲಿ. ಈಗ ದೀಪಾವಳಿ ಹತ್ತಿರ ಬಂದಿತ್ತು. ಪೊಲೀಸು ಕೆಲಸ ಬಿಟ್ಟು ದಾದರಿನಲ್ಲಿ ಖಾಸಗಿ ತನಿಖೆಯ ಬೋರ್ಡು ತಗುಲಿಸಿದ ರಮಾನಾಥನಿಗೆ ಇಷ್ಟು ದಿನ ಸಿಕ್ಕದ್ದು ಸುಳ್ಳುಗಳು ಮಾತ್ರ.

“ಮುಂಜಾನೆ ದವಾಖಾನಿಗೆ ಹೋಗಿದ್ರ್ಯಾ?” ದಾನವ್ವ ಕೇಳಿದಳು. ದವಾಖಾನೆ ಎಂದರೆ ಶವಾಗಾರ. ಆ ಹೆಸರು ಅವಳು ಹೇಳುವುದಿಲ್ಲ.

“ಹೋಗಿದ್ದೆ. ರೈಲು ಹಳಿಯ ಮೇಲೆ ಸಿಕ್ಕ ಹೆಣ. ಮುಖ ಗುರುತು ಹಿಡಿಯುವ ಹಾಗಿರಲಿಲ್ಲ.”

“ಕೊಳ್ಳಾಗ ನೋಡಿದ್ರೇನು?”

“ಕೊರಳಲ್ಲಿ ಏನೂ ಇರಲಿಲ್ಲ.”

ಅವಳು ಉಸಿರು ಬಿಟ್ಟಳು. “ಹಂಗಾದ್ರ ಅವರಲ್ಲ.”

“ಲಿಂಗ ಇಡುವ ಬೆಳ್ಳಿಯ ಕರಡಿಗೆ ಅಂದಿರಲ್ಲ. ಅದನ್ನು ಹೆಣದ ಮೇಲೆ ಬಿಡುವ ಊರೇ ಇದು?”

“ಬೆಳ್ಳಿ ಹೋದ್ರ ಹೋಗಲಿ, ಲಿಂಗ ಬಟ್ಟಿಯೊಳಗ ಕಟಗೊಂಡಿರತಾರ. ಬಡವರು ಕಟಗೋತಾರಲ್ರಿ. ಜೀವ ಇರೂತನಾ ಲಿಂಗ ಬಿಟ್ಟು ಇರಂಗಿಲ್ಲ. ಸತ್ತರೂ ಅದರ ಕೂಡನ ಮಣ್ಣು ಮಾಡತಾರ. ಖಾಲಿ ಕೊಳ್ಳು ನಮ್ಮಂದಿದಲ್ಲ.” ಅವಳು ಮಗಳ ತಲೆ ಸವರಿದಳು. “ಇಕಿಗೆ ಹಲ್ಲ ಬರೂ ಮುಂದ ಅಪ್ಪನ ಎದಿ ಮ್ಯಾಲೆ ಕುಂತು ಆ ಕರಡಗಿ ಕಚ್ಚಿ ಕಚ್ಚಿ ತೆಗ್ಗ ಹಾಕ್ಯಾಳ. ಬೈದ್ರ, ಇರಲಿ ಬಿಡ, ನೀಲಕಂಠನ ಕರಡಗಿಗೂ ನಂದಕ್ಕೂ ಈಗ ಗುರುತ ಸಿಗತೇತಿ ಅಂತಿದ್ರು. ಹುಬ್ಬಳ್ಳ್ಯಾಗ ಒಂದ ಅಂಗಡ್ಯಾಗ ಮಾಡಿಸಿದ ಜೋಡಿ ಅವು.”

ನೀಲಕಂಠಪ್ಪ ಪಕ್ಕದ ಮೂಲೆಯ ಖೋಲಿಯಲ್ಲಿದ್ದವನು. ಶಿವಪುತ್ರಪ್ಪನ ಜೊತೆಗೇ ಗಿರಣಿಗೆ ಹೋಗುತ್ತಿದ್ದವನು, ಅವನ ಜೊತೆಗೇ ಬಾಡಿಗೆದಾರರನ್ನು ಗ್ಯಾಲರಿಯಲ್ಲಿ ಕೂಡಿಸಿ, ರಿಪೇರಿ ಎಂದು ಮಾಲೀಕ ಏನು ಹೇಳಿದರೂ ಖೋಲಿ ಬಿಡಬೇಡಿ ಎನ್ನುತ್ತಿದ್ದವನು. ಅದೇ ಶ್ರಾವಣದಲ್ಲಿ ಅವನು ಬೀಗದ ಕೈ ಒಪ್ಪಿಸಿ ವಿಜಾಪುರದ ಕಡೆಗೆ ಹೊರಟುಹೋದನಂತೆ. ಹಾಗೆಂದು ಹೇಳುವವನು ಮಾಲೀಕನ ಗುಮಾಸ್ತ ಮೆಹ್ತಾಜಿ ಒಬ್ಬನೇ.

ದಾನವ್ವ ಆಗ ಚಾಳಿನಲ್ಲಿರಲಿಲ್ಲ. ತಂಗಿಯ ಬಾಣಂತನಕ್ಕೆ ನರಗುಂದಕ್ಕೆ ಹೋಗಿದ್ದಳು. ತಿರುಗಿ ಬಂದಾಗ ಗಂಡನಿಲ್ಲ, ಪಕ್ಕದ ಖೋಲಿಗೆ ಬೀಗ. ಎರಡು ಖೋಲಿಗಳ ನಡುವಿನ ದಪ್ಪ ಗೋಡೆಯಲ್ಲಿ ಹಾಸಿಗೆ ಸುರುಳಿ ಇಡುವ ದೊಡ್ಡ ಗೂಡೊಂದಿತ್ತು. ಅದೂ ಇಲ್ಲ. ಇಟ್ಟಿಗೆ ತುಂಬಿ, ಗಾರೆ ಬಳಿದು, ಸುಣ್ಣ ಹಚ್ಚಿ ಯಾರೋ ಮುಚ್ಚಿದ್ದರು. ಮೆಹ್ತಾಜಿಯನ್ನು ಕೇಳಿದರೆ, ರಿಪೇರಿಯವರು ಮುಚ್ಚಿದ್ದಾರೆ, ಗೋಡೆ ಸಡಿಲಿತ್ತು ಎಂದ.

ಆ ಮುಚ್ಚಿದ ಗೂಡಿನ ಮೇಲೆಯೇ ಬೂಷ್ಟು ಎದ್ದಿತ್ತು. ಮೇಲೆ ಕಮಾನು, ಕೆಳಗೆ ನೇರ ಗೆರೆ. ಅದರಾಚೆಗೆ ಒಂದು ಚುಕ್ಕೆಯೂ ಇಲ್ಲ.

ರಮಾನಾಥ ಉಗುರಿನಿಂದ ಸ್ವಲ್ಪ ಕೆರೆದ.

“ಗೋಡೆ ತೋಡಬೇಡಿ ಸಾಬ್.”

ಬಾಗಿಲಲ್ಲಿ ಮೆಹ್ತಾಜಿ ನಿಂತಿದ್ದ. ಕರಿಟೋಪಿ, ಬಗಲಲ್ಲಿ ಕೊಡೆ, ತುಟಿಯ ಮೂಲೆಯಲ್ಲಿ ಪಾನು. ಮಳೆ ಹೋಗಿ ಎಷ್ಟೋ ಕಾಲವಾಗಿದ್ದರೂ ಕೊಡೆ ಬಿಟ್ಟಿರಲಿಲ್ಲ.

“ಬಾಡಿಗೆದಾರ ಗೋಡೆ ಒಡೆದರೆ ಕೋರ್ಟು ಒಂದೇ ದಿನದಲ್ಲಿ ಹೊರಹಾಕುತ್ತೆ,” ಅವನು ಹಿಂದಿಯಲ್ಲಿ ಸಾವಕಾಶವಾಗಿ ಹೇಳಿದ. “ಅದರ ಜರೂರತ್ತೂ ಇಲ್ಲ ಈಗ. ಮುನಿಸಿಪಾಲಿಟಿಯವರು ಬೂಷ್ಟು ನೋಡಿದ್ದಾರೆ. ಖೋಲಿ ವಾಸಕ್ಕೆ ಯೋಗ್ಯವಲ್ಲ. ದಾನವ್ವಬಾಯಿ, ಸಂಜೆ ಗಿರಣಿಯ ಭೋಂಗಾ ಕೂಗಿದ ಮೇಲೆ ಪೊಲೀಸ್ ಫೌಜದಾರರನ್ನು ಕರಕೊಂಡು ಬರ್ತೇನೆ. ಸಾಮಾನು ಕಟ್ಟಿಡು. ಧಾರಾವಿಯಲ್ಲಿ ಶೆಡ್ಡು ಕೊಟ್ಟಿದ್ದೇವೆ. ರಿಪೇರಿ ಮುಗಿದ ಮೇಲೆ ವಾಪಸು.”

“ವಾಪಸು ಬಂದಾವ್ರನ್ನ ಒಬ್ಬರನ್ನ ತೋರಸ,” ಎಂದಳು ದಾನವ್ವ ಕನ್ನಡದಲ್ಲೇ.

ಮೆಹ್ತಾಜಿಗೆ ಮಾತು ಅರ್ಥವಾಗಲಿಲ್ಲ, ಧ್ವನಿ ಅರ್ಥವಾಯಿತು. “ಗೋಡೆಯ ಈ ಒದ್ದೆ ನಿನ್ನಿಂದಲೇ ಬಂದದ್ದು. ದಿನವಿಡೀ ಒಳಗೆ ಬಟ್ಟೆ ಒಗೀತೀ, ಒಣಗಿಸ್ತೀ.”

“ಮೋರಿ ಆ ಕಡೆ ಐತಿ. ಬೂಷ್ಟು ಈ ಕಡೆ ಬಂದೈತಿ. ನನ್ನ ನೀರು ಹಾರಿ ಹೋತೇನು?”

ಮೆಹ್ತಾಜಿ ಗ್ಯಾಲರಿಯ ಆಚೆಗೆ ಪಾನು ಉಗಿದು ಹೊರಟುಹೋದ. ಅವನ ಹೆಜ್ಜೆ ಇಳಿಯುವವರೆಗೆ ಅವಳು ನೆಟ್ಟಗೆ ನಿಂತಿದ್ದಳು. ಆಮೇಲೆ ಗೋಡೆಗೊರಗಿ ಕುಳಿತಳು, ಬೂಷ್ಟಿಲ್ಲದ ಗೋಡೆಗೆ.

“ಖೋಲಿ ಹೋದ್ರ ಹೋಗಲಿ ಅಂತ ನನಗೂ ಅನಸತೇತ್ರಿ. ಕೂಸಿನ ಎದಿ ಕೇಳಿದ್ರ ಈಗಿಂದೀಗ ಓಡಬೇಕು ಅನಸತೇತಿ. ಆದ್ರ ಅವರಿಗೆ ಗೊತ್ತಿರೂದು ಇದೊಂದ ಬಾಗಲಾ. ತಿರುಗಿ ಬಂದಾಗ ಬ್ಯಾರೆ ಯಾರೋ ಬಾಗಲಾ ತಗದ್ರ? ಈ ಮುಂಬಯಿಯೊಳಗ ನಮ್ಮನ್ನ ಎಲ್ಲಿ ಹುಡುಕತಾರ?”

ಅವಳ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಗಂಡ ಬರುತ್ತಾನೆಂದು ಮೊನ್ನೆ ದಸರೆಗೆ ಹೊಸದಾಗಿ ತೊಟ್ಟದ್ದು.

ಅವನು ಗ್ಯಾಲರಿಗೆ ಬಂದ. ಅಲ್ಲಿ ರಿಪೇರಿಯವರು ಬಿಟ್ಟುಹೋದ ಹಾರೆ, ಬುಟ್ಟಿ, ಸುಣ್ಣದ ಪೀಪಾಯಿ. ಮೂಲೆಯ ಖೋಲಿಯ ಹೊರಗೋಡೆಗೆ ಅವರು ಹೊಸ ಗಾರೆ ಮಾಡಿ ಸುಣ್ಣ ಹೊಡೆದಿದ್ದರು. ಅಂಗೈ ಊರಿದ. ತಣ್ಣಗೆ, ಒದ್ದೆ. ಮೇಲಿನ ಒಡಕು ಕೊಳವೆಯಿಂದ ನೀರು ಇಳಿದ ಗುರುತು ನಿಚ್ಚಳವಾಗಿತ್ತು. ಆದರೆ ಬೂಷ್ಟಿನ ಒಂದು ಎಳೆಯೂ ಇಲ್ಲ.

ಒದ್ದೆ ಎರಡೂ ಕಡೆ ಇದೆ, ಬೂಷ್ಟು ಒಂದೇ ಕಡೆ. ಬೂಷ್ಟಿಗೆ ಒದ್ದೆಯೊಂದೇ ಸಾಲದು, ತಿನ್ನಲು ಏನಾದರೂ ಬೇಕು.

ಗೋಡೆಯಲ್ಲಿ ತಿನ್ನುವಂಥದ್ದು ಏನಿದೆ?

ಆ ಬೆಳಿಗ್ಗೆ ಅವನು ಕಂತ್ರಾಟುದಾರನ ಆಳುಗಳನ್ನು ಮಾತಾಡಿಸಿದ್ದ. ದಾನವ್ವನ ಖೋಲಿಯೊಳಗೆ ತಾವು ಕಾಲಿಟ್ಟೇ ಇಲ್ಲ, ಖಾಲಿ ಮಾಡದವರ ಖೋಲಿ ಮುಟ್ಟಬೇಡಿ ಎಂದು ಮೆಹ್ತಾಜಿಯೇ ಹೇಳಿದ್ದ ಎಂದಿದ್ದರು. ಹಾಗಾದರೆ ಮೆಹ್ತಾಜಿ ಸುಳ್ಳು ಹೇಳಿದ. ಅಥವಾ, ಮಾಡದ ರಿಪೇರಿಯನ್ನೂ ಮಾಡಿದೆವೆಂದು ಹೇಳುವುದು ಅವನಿಗೆ ಅಭ್ಯಾಸವಾಗಿತ್ತು. ತನ್ನದಲ್ಲದ ಗಾರೆಯನ್ನು ತನ್ನದೆಂದು ಒಪ್ಪಿಕೊಂಡುಬಿಟ್ಟಿದ್ದ.

ರಮಾನಾಥ ಕೆರೆದ ಉಗುರನ್ನು ಮೂಗಿಗೆ ಹಿಡಿದ. ಮೊದಲು ಮಣ್ಣಿನ ವಾಸನೆ, ಅದರ ಹಿಂದೆ ಹುಳಿ.

ಆ ಹುಳಿ ಅವನಿಗೆ ಗೊತ್ತಿತ್ತು. ಎಲ್ಲಿಂದ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಕರಾವಳಿಯ ಕಾಪುವಿನಲ್ಲಿದ್ದ ತನ್ನ ಮನೆ. ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡಲೇ ಅಮ್ಮ ಸುಣ್ಣದ ಬಾನಿಗೆ ಅನ್ನ ಬಸಿದ ಗಂಜಿ ತಿಳಿ ಹೊಯ್ಯುತ್ತಿದ್ದಳು. ಗೋಡೆಗೆ ಒರಗಿದವರ ಬೆನ್ನಿಗೆ ಬಿಳಿ ಹತ್ತಬಾರದು, ಸುಣ್ಣ ಕಚ್ಚಿ ಹಿಡಿಯಬೇಕು. ಮುಂಬಯಿಯ ಕಂತ್ರಾಟುದಾರ ಅದಕ್ಕೆ ಸರೇಸಿನ ಅಂಟು ಹಾಕುತ್ತಾನೆ. ಗಂಜಿ ಹಾಕುವವರು ತನ್ನ ಊರಿನ ಕಡೆಯವರು. ಅವರ ಮನೆಯ ಗೋಡೆಗಳಿಗೆ ಬಿಸಿಲಿದೆ.

ಇಲ್ಲಿ ಬಿಸಿಲಿರಲಿಲ್ಲ. ಶ್ರಾವಣದಲ್ಲಿ, ಕತ್ತಲೆ ಖೋಲಿಯಲ್ಲಿ, ಇನ್ನೂ ಹಸಿಯಿದ್ದ ಗಾರೆಯ ಮೇಲೆ ಯಾವುದೋ ಕೈ ತಾನು ಹುಟ್ಟಿ ಬೆಳೆದ ಮನೆಯ ಅಭ್ಯಾಸದಂತೆ ಗಂಜಿ ಬೆರೆಸಿದ ಸುಣ್ಣ ಬಳಿದಿತ್ತು.

ಈ ಚಾಳಿನಲ್ಲಿ ಅಂಥ ಕೈ ಒಂದೇ ಇತ್ತು. ಅದು ಕೆಳಗೆ ಹೋಟೆಲು ನಡೆಸುತ್ತಿತ್ತು. ಆ ಕೈಯಿಂದ ರಮಾನಾಥ ಮಧ್ಯಾಹ್ನ ಊಟ ಬಡಿಸಿಕೊಂಡಿದ್ದ.

*

ಹೋಟೆಲಿನ ಚೆನ್ನಯ ಹಿಂದಿನ ಅಡಿಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದ. ರಾತ್ರಿ ಪಾಳಿಗೆ ಹೋಗುವ ಗಿರಣಿಯವರು ಬರುವ ಹೊತ್ತು. ಚರಿಗೆಯ ಬಾಯಿಗೆ ಮುಚ್ಚಳ ಒತ್ತಿ ಹಿಡಿದು ಬಗ್ಗಿಸಿದರೆ ಗಂಜಿ ದಪ್ಪ ಧಾರೆಯಾಗಿ ಬಾಲ್ದಿಗೆ ಬೀಳುತ್ತಿತ್ತು. ಆವಿಯಲ್ಲಿ ಅವನ ಮುಖ ಕಾಣಿಸುತ್ತಿರಲಿಲ್ಲ.

“ಮೇಲಿನ ಮಗುವಿಗೆ ಸ್ವಲ್ಪ ತೆಗೆದಿಡಬೇಕು,” ಎಂದ ಚೆನ್ನಯ, ತಿರುಗಿ ನೋಡದೆ. “ಉಪ್ಪು ಹಾಕಿ ಕೊಟ್ರೆ ಅದೊಂದು ಕುಡೀತದೆ.”

ರಮಾನಾಥನಿಗೆ ಏನೋ ತಪ್ಪಿದೆ ಎನಿಸಿತು. ಆಮೇಲೆ ತಿಳಿಯಿತು. ಇಬ್ಬರೂ ತುಳುವರು. ಪರಿಚಯವಾದ ದಿನದಿಂದ ಅವರಲ್ಲಿ ತುಳು ಬಿಟ್ಟು ಬೇರೆ ಮಾತು ನಡೆದಿರಲಿಲ್ಲ. ಇವತ್ತು ಚೆನ್ನಯ ಗಿರಾಕಿಗಳೊಡನೆ ಆಡುವ ಹಾಗೆ ಕನ್ನಡ ಆಡುತ್ತಿದ್ದ.

ಅವನೂ ಕನ್ನಡದಲ್ಲೇ ಹೇಳಿದ. “ಚೆನ್ನಯಣ್ಣ, ಇದನ್ನೊಮ್ಮೆ ಮೂಸಿ ನೋಡಿ.”

ಕಾಗದದ ಚೂರಿನ ಮೇಲೆ ಗೋಡೆಯಿಂದ ಕೆರೆದ ಕಪ್ಪುಬಿಳಿ ಹುಡಿ.

“ಎಂತ ಇದು?”

“ಸುಣ್ಣ.”

“ಸುಣ್ಣ ಹೋಟೆಲಿಗೆ ಯಾಕೆ ತಂದದ್ದು ಮಾರಾಯ್ರೆ? ಎಲೆಯಡಿಕೆ ಅಂಗಡಿ ಎದುರು ಉಂಟು.”

“ಮೂಸಿ.”

“ಬೇಡ.”

“ಮೂಸದೆಯೇ ಗೊತ್ತಾಯ್ತಲ್ಲ.”

ಚೆನ್ನಯ ಚರಿಗೆಯನ್ನು ಕೆಳಗಿಟ್ಟ. ಪಂಚೆಯ ಅಂಚಿನಿಂದ ಕೈ ಒರಸಿಕೊಂಡ, ಒಣಗಿದ ಮೇಲೂ ಒರಸುತ್ತಲೇ ಇದ್ದ.

“ಗಂಜಿ ಹಾಕಿದ ಸುಣ್ಣ. ಹಾಕ್ತಾರೆ ಊರಲ್ಲಿ. ನಿಮ್ಮಮ್ಮ ಹಾಕ್ತಿರ್ಲಿಲ್ವಾ? ಹಾಗಾದ್ರೆ ಅವರನ್ನೂ ಹಿಡ್ಕೊಂಡು ಹೋಗಿ.”

“ನಮ್ಮಮ್ಮನಿಗೆ ಮಾಲೀಕ ಮೂಲೆಯ ಖೋಲಿ ಕೊಡ್ತೇನೆ ಅಂತ ಹೇಳಿರಲಿಲ್ಲ. ನಿಮಗೆ ಹೇಳಿದ್ದಾನೆ. ಹೋಟೆಲಿನ ಆಳುಗಳು ಮಲಗಲಿಕ್ಕೆ.”

“ಹೇಳಿದ್ದು ಹೌದು. ಬೇಡ ಅಂದೆ ನಾನು.”

“ಯಾವಾಗ?”

ಚೆನ್ನಯ ಒಲೆಯ ಕಟ್ಟಿಗೆಯನ್ನು ಒಳಗೆ ತಳ್ಳಿದ.

“ಆ ಗೂಡು ಎಷ್ಟು ದೊಡ್ಡದು ಅಂತ ಗೊತ್ತುಂಟಲ್ಲ ನಿಮಗೆ? ಮಂಡಿ ಮಡಿಸಿದ್ರೆ ಒಬ್ಬ ಮನುಷ್ಯ ಹಿಡೀತಾನೆ. ಶಿವಪುತ್ರಪ್ಪ ಅಷ್ಟೇನೂ ಎತ್ತರದವರಲ್ಲ.”

“ಬಾಯಿ ತೊಳ್ಕೊಳ್ಳಿ.” ಚೆನ್ನಯನ ದನಿ ಇಳಿದಿತ್ತು. “ಅವರು ನನಗೆ ಅಣ್ಣನ ಹಾಗೆ. ಈ ಹೋಟೆಲು ಮುಚ್ಚಿಸ್ಲಿಕ್ಕೆ ಇದೇ ಮೆಹ್ತಾ ಬಂದಾಗ ಬಾಗಿಲಲ್ಲಿ ಕೂತವರು ಅವರು.”

“ಹಾಗಾದ್ರೆ ಅವರ ಮಗಳನ್ನು ಯಾಕೆ ಕೊಲ್ತಾ ಇದ್ದೀರಿ?”

ಚೆನ್ನಯನಿಗೆ ಅರ್ಥವಾಗಲಿಲ್ಲ.

“ಹಸಿ ಗಾರೆ, ಬಿಸಿಲಿಲ್ಲದ ಖೋಲಿ, ಅದರ ಮೇಲೆ ಗಂಜಿ. ಹಳಸಿ ಬೂಷ್ಟು ಬಂದಿದೆ. ಆ ಮಗು ಅದನ್ನೇ ಉಸಿರಾಡ್ತಾ ಉಂಟು. ಹಗಲು ನಿಮ್ಮ ಗಂಜಿ ಕುಡೀತದೆ, ರಾತ್ರಿ ನಿಮ್ಮ ಗಂಜಿಯ ಗಾಳಿ ಕುಡೀತದೆ.”

ಬಾಲ್ದಿಯಲ್ಲಿ ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು. ಚೆನ್ನಯ ಅದನ್ನು ನೋಡಿದ. ಪಕ್ಕದಲ್ಲಿ ರಾಚಿಗೆಂದು ತೆಗೆದಿಟ್ಟಿದ್ದ ಹಿತ್ತಾಳೆಯ ಲೋಟವನ್ನು ನೋಡಿದ. ಆಮೇಲೆ ಅಕ್ಕಿಮೂಟೆಯ ಮೇಲೆ ಕುಳಿತುಬಿಟ್ಟ.

“ಗಂಜಿಯಿಂದಲಾ?” ಎಂದ. ಈಗ ತುಳುವಿನಲ್ಲಿ.

“ಗಂಜಿಯಿಂದಲೇ.”

“ಕಂತ್ರಾಟಿನವರ ಪೀಪಾಯಿಯಲ್ಲಿ ತಳದ ಸುಣ್ಣ ಮಾತ್ರ ಇತ್ತು. ನೀರಾಗಿತ್ತು. ಹಿಡಿಯಲಿ ಅಂತ ಗಂಜಿ ಜಾಸ್ತಿಯೇ ಹಾಕಿದೆ.” ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. “ಸುಣ್ಣ ಬಳಿದದ್ದು ನಾನು. ಗೂಡು ಮುಚ್ಚಿದ್ದು ನಾನಲ್ಲ. ನಾನು ಹೋಗುವಾಗ ಗಾರೆ ಮುಗಿದಿತ್ತು.”

“ಯಾರು ಮುಚ್ಚಿದ್ದು?”

“ಮಂಜುನಾಥಸ್ವಾಮಿಯ ಮೇಲೆ ಆಣೆ ಹಾಕಿಸಿಕೊಂಡಿದ್ದಾರೆ. ಬಾಯಿ ಬಿಟ್ಟರೆ ನನ್ನ ಮನೆ ಉಳಿಯಲಿಕ್ಕಿಲ್ಲ.”

“ಬಿಡದಿದ್ದರೆ ಮೇಲಿನ ಮನೆ ಉಳಿಯಲಿಕ್ಕಿಲ್ಲ. ಭೋಂಗಾ ಆದ ಕೂಡಲೇ ಅವರನ್ನು ಬೀದಿಗೆ ಹಾಕ್ತಾರೆ.”

ಹೊರಗೆ ಗಿರಾಕಿಯೊಬ್ಬ ಮೇಜು ಬಡಿದು ಚಹಾ ಕೇಳಿದ. ಚೆನ್ನಯ ಏಳಲಿಲ್ಲ.

“ಅವರೇ ಮುಚ್ಚಿದ್ದು,” ಎಂದ.

“ಅವರು ಅಂದರೆ?”

“ಶಿವಪುತ್ರಪ್ಪನವರೇ. ಕೈಯಲ್ಲಿ ಕರಣೆ ಇತ್ತು. ಮೊಣಕೈವರೆಗೆ ಗಾರೆ. ಬೇಗ ಬಿಳಿ ಮಾಡಿಬಿಡು ಚೆನ್ನಯ, ಹೊಸದು ಅಂತ ಯಾರಿಗೂ ಕಾಣಬಾರದು ಅಂದ್ರು. ಒಳಗೆ ಎಂತ ಅಂತ ನಾನು ಕೇಳಲಿಲ್ಲ. ಮುಖ ನೋಡಿದ್ರೆ ಕೇಳುವ ಹಾಗಿರಲಿಲ್ಲ.” ಆಮೇಲೆ ಸೇರಿಸಿದ. “ಒಂದು ಮಾತ್ರ ನೆನಪುಂಟು. ಅವರು ಯಾವತ್ತೂ ಅಂಗಿಯ ಮೇಲಿನ ಗುಂಡಿ ಹಾಕುವವರಲ್ಲ. ಎಂಥ ಚಳಿಯಲ್ಲೂ ಎದೆಯ ಕರಡಿಗೆ ಕಾಣ್ತಾ ಇರ್ತಿತ್ತು. ಅವತ್ತು ಕುತ್ತಿಗೆಯವರೆಗೆ ಹಾಕಿದ್ದರು.”

ರಮಾನಾಥ ಈ ದಿನಗಳಲ್ಲಿ ಹುಡುಕುತ್ತಿದ್ದುದು ಸತ್ತವನೊಬ್ಬನನ್ನು. ದಾನವ್ವನಿಗೆ ಎಂದೂ ಹೇಳದಿದ್ದರೂ ಮನಸ್ಸಿನಲ್ಲಿ ಅದೇ ಇತ್ತು. ಈಗ ಆ ಸತ್ತವನು ಕರಣೆ ಹಿಡಿದು ಇಟ್ಟಿಗೆ ಜೋಡಿಸುತ್ತಿದ್ದ.

ತಲೆಯ ಮೇಲೆ ಏನೋ ಧಡ್ ಎಂದಿತು. ಸೂರಿನಿಂದ ಮಣ್ಣು ಉದುರಿ ಗಂಜಿಯ ಮೇಲೆ ಬಿತ್ತು. ಮತ್ತೊಮ್ಮೆ ಧಡ್. ಇಟ್ಟಿಗೆಯ ಮೇಲೆ ಕಬ್ಬಿಣದ ಸದ್ದು.

“ಹಾರೆ,” ಎಂದ ಚೆನ್ನಯ.

ಇಬ್ಬರೂ ಮೆಟ್ಟಿಲಿಗೆ ಓಡಿದರು. ಅರ್ಧ ಹತ್ತುವಷ್ಟರಲ್ಲಿ ಗಿರಣಿಯ ಭೋಂಗಾ ಕೂಗಿತು. ಕೂಗು ನಿಂತಾಗ ಹಾರೆಯ ಸದ್ದೂ ನಿಂತಿತ್ತು.

*

ದಾನವ್ವ ನೆಲದ ಮೇಲೆ ಕುಳಿತಿದ್ದಳು. ಕೂದಲು, ರೆಪ್ಪೆ, ಸೀರೆಯೆಲ್ಲ ಸುಣ್ಣದ ಪುಡಿ. ಹಾರೆ ಪಕ್ಕದಲ್ಲಿ ಬಿದ್ದಿತ್ತು. ರಾಚಿಯನ್ನು ಚಾಪೆಯೊಡನೆ ಬಾಗಿಲ ಬಳಿ ಎಳೆದು ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿದ್ದಳು.

“ನೀವು ಉಗರು ಮೂಸಿ ನೋಡಿದಾಗ ನಿಮ್ಮ ಮಾರಿ ಹೆಂಗಾಗಿತ್ತು, ನಾ ನೋಡಿದ್ನಿ,” ಎಂದಳು ರಮಾನಾಥನಿಗೆ. “ಹ್ಯಾಂಗೂ ಹೊರಗ ಹಾಕತಾರ. ಒಳಗ ಅವರಿದ್ರ ಬಿಟ್ಟು ಹ್ಯಾಂಗ ಹೋಗ್ಲಿ?”

“ಚೆನ್ನಯಣ್ಣ, ಬಾಗಿಲಲ್ಲೇ ನಿಲ್ಲಿ,” ಎಂದು ರಮಾನಾಥ ಒಳಗೆ ಬಂದ.

ಗೂಡಿನ ಬಾಯಿ ತೆರೆದಿತ್ತು. ಒಳಗೆ ಮನುಷ್ಯನಿರಲಿಲ್ಲ. ಉದುರಿದ ಇಟ್ಟಿಗೆಯ ಹಿಂದೆ ಯಾರೋ ಗುಡಿಸಿ ಚೊಕ್ಕಟ ಮಾಡಿದ ಜಾಗ. ಅಲ್ಲಿ ಚೆಲ್ಲಿದ ವಿಭೂತಿ, ಒಣಗಿ ಸುರುಳಿಯಾದ ಬಿಲ್ವಪತ್ರೆ.

ಅವಳ ಮಡಿಲಲ್ಲಿ ಕಾವಿ ಬಟ್ಟೆಯೊಂದು ಬಿಚ್ಚಿಕೊಂಡಿತ್ತು. ಅದರ ಮೇಲೆ ಎರಡು ಬೆಳ್ಳಿಯ ಕರಡಿಗೆಗಳು, ಒಂದರಂತೆ ಇನ್ನೊಂದು.

“ನೋಡ್ರಿ,” ಎಂದಳು.

ಒಂದನ್ನು ತೆರೆದಳು. ಒಳಗೆ ಲಿಂಗವಿತ್ತು. ಅದರ ಶಿವದಾರ ಕತ್ತರಿಸಿತ್ತು. ದಾರದ ಮೇಲೆ ಒಣಗಿದ ಕಂದು ಕಲೆ. ಆ ಬಣ್ಣ ಯಾವುದೆಂದು ಪೊಲೀಸು ಕೆಲಸ ಮಾಡಿದವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದನ್ನು ತೆರೆದಳು. ಅದು ಖಾಲಿ. ಅದರ ಅಂಚಿನಲ್ಲಿ ಪುಟ್ಟ ಪುಟ್ಟ ತಗ್ಗುಗಳಿದ್ದವು, ಎಳೆಯ ಹಲ್ಲು ಊರಿದಂತೆ.

ರಮಾನಾಥ ಅವಳ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ. ಈ ಕೆಲವು ತಿಂಗಳಲ್ಲಿ ಅವನು ಕಾಣದಿದ್ದ ಏನೋ ಒಂದು ಆ ಬಿಳಿ ಮುಖದ ಮೇಲೆ ಮೂಡುತ್ತಿತ್ತು. ಅದನ್ನು ಸಂತೋಷ ಎನ್ನಲು ಅವನಿಗೆ ಹೆದರಿಕೆಯಾಯಿತು.

“ಲಿಂಗ ತಗೊಂಡು ಹೋಗ್ಯಾರ,” ಅವಳು ಪಿಸುಗುಟ್ಟಿದಳು. “ಬೆಳ್ಳಿ ಕಂಡ್ರ ಗುರುತ ಹಿಡಿತಾರಂತ ಬಟ್ಟಿಯೊಳಗ ಕಟಗೊಂಡು ಹೋಗ್ಯಾರ. ಕರಡಗಿ ನನಗ ಬಿಟ್ಟಾರ. ಎಂದಾದ್ರೂ ಈ ಗೋಡಿ ಒಡದ್ರ ನನಗ ತಿಳೀಲಿ ಅಂತ. ಜೀವಂತ ಅದಾರ ಅಣ್ಣಾರ.”

“ಇನ್ನೊಂದು?”

“ನೀಲಕಂಠಣ್ಣಂದು.” ಅವಳು ಲಿಂಗವಿದ್ದ ಕರಡಿಗೆಯನ್ನು ಮುಚ್ಚಿದಳು. “ಲಿಂಗ ಬಿಟ್ಟು ಆತ ಎಲ್ಲಿಗೂ ಹೋಗಿಲ್ಲ. ವಿಜಾಪುರಕ್ಕೂ ಹೋಗಿಲ್ಲ. ಹೆಣ ಸಿಗಲಿಲ್ಲೇನೋ. ಸಿಕ್ಕಿದ್ದನ್ನ ತಂದು ಇಲ್ಲೆ ಮಣ್ಣು ಮಾಡ್ಯಾರ.”

ಗೆಳೆಯನ ಲಿಂಗವನ್ನು ಗೆಳೆಯ ಮಣ್ಣು ಮಾಡಿದ. ಇರಬಹುದು. ಕೊಂದವನಿಗೂ ಪಾಪದ ಭಯವಿರುತ್ತದೆ, ಅವನೂ ವಿಭೂತಿ ಚೆಲ್ಲಿ ಬಿಲ್ವಪತ್ರೆ ಇಡಬಲ್ಲ. ಅದೂ ಇರಬಹುದು. ರಮಾನಾಥನ ಮುಂದೆ ಎರಡು ದಾರಿಗಳಿದ್ದವು. ಎರಡರಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಒಬ್ಬನೇ ಮನುಷ್ಯ ಓಡುತ್ತಿದ್ದ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಮೆಹ್ತಾಜಿಯ ದನಿ ಮುಂದೆ ಮುಂದೆ ಬರುತ್ತಿತ್ತು. ಗೋಡೆ ಒಡೀತಿದ್ದಾಳೆ ಸಾಬ್, ಕೇಳಿದಿರಲ್ಲ.

ದಾನವ್ವ ತಟ್ಟನೆ ಖಾಲಿ ಕರಡಿಗೆಯನ್ನು ರಮಾನಾಥನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

“ಒಂದ ಸಿಕ್ಕತು ಅಂತ ಹೇಳ್ರಿ.”

“ದಾನವ್ವ, ಒಬ್ಬ ಮನುಷ್ಯ ಸತ್ತಿದ್ದಾನೆ.”

“ಸತ್ತಾವ್ರು ಸತ್ತಾರ. ಇವರೂ ಸತ್ತಾರ ಅಂದ್ರ ಯಾರೂ ಹುಡುಕಂಗಿಲ್ಲ, ಇದ್ದಾವ್ರನ್ನ ಉಳಸೂಣು.”

ಅವನು ಕೈ ಹಿಂದೆಗೆಯಬಹುದಿತ್ತು. ಹಿಂದೆಗೆಯಲಿಲ್ಲ. ಕರಡಿಗೆ ಅವನ ಕೋಟಿನ ಜೇಬಿಗೆ ಇಳಿದಾಗ ಫೌಜದಾರ ಚೆನ್ನಯನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದ. ನಡುವಯಸ್ಸಿನ ಮರಾಠಿಗ. ರಮಾನಾಥನನ್ನು ಹಿಂದೆ ನೋಡಿದ್ದ, ತಲೆಯಾಡಿಸಿದ. ಒಡೆದ ಗೋಡೆ ನೋಡಿದ. ಅವಳ ಮಡಿಲು ನೋಡಿದ.

“ಹೇ ಕಾಯ?” ಏನಿದು ಎಂದು ಕೇಳಿದ.

ದಾನವ್ವ ನೆಲದ ಮೇಲೆ ಕುಳಿತಲ್ಲಿಂದಲೇ ರಕ್ತದ ದಾರವಿದ್ದ ಕರಡಿಗೆಯನ್ನು ಎತ್ತಿ ಹಿಡಿದಳು. ತನಗೆ ಬರುವ ಮುರುಕು ಮರಾಠಿಯಲ್ಲಿ ಹೇಳಿದಳು. ಇದು ನನ್ನ ಗಂಡನದು. ನಮ್ಮಲ್ಲಿ ಜೀವ ಇರುವಾಗ ಲಿಂಗ ಬಿಡುವುದಿಲ್ಲ. ನನ್ನ ಗಂಡ ಸತ್ತಿದ್ದಾನೆ. ಯಾರೋ ಕೊಂದು ಗುರುತು ಇಲ್ಲಿ ಹೂತಿದ್ದಾರೆ.

ಆಮೇಲೆ ಎಡಗೈಯನ್ನು ಒಡೆದ ಇಟ್ಟಿಗೆಯ ಅಂಚಿಗೆ ಬಡಿದಳು. ಬಲಗೈಯನ್ನು ಬಡಿದಳು. ಹಸಿರು ಗಾಜು ಸುಣ್ಣದ ಪುಡಿಯ ಮೇಲೆ ಚದುರಿತು. ಮುಂಗೈಯಿಂದ ರಕ್ತ ಇಳಿಯಿತು. ಹಣೆಯ ಕುಂಕುಮವನ್ನು ಅದೇ ಕೈಯಿಂದ ಒರಸಿಕೊಂಡಳು. ಎಲ್ಲಿ ಕುಂಕುಮ ಮುಗಿಯಿತು, ಎಲ್ಲಿ ರಕ್ತ ಶುರುವಾಯಿತು ಹೇಳುವಂತಿರಲಿಲ್ಲ.

ಬಾಗಿಲಲ್ಲಿ ಚೆನ್ನಯ ಕಣ್ಣು ಮುಚ್ಚಿಕೊಂಡ.

“ನಾಟಕ ಸಾಬ್,” ಎಂದ ಮೆಹ್ತಾಜಿ. ಆದರೆ ಅವನ ಬಗಲ ಕೊಡೆ ಕೆಳಗೆ ಜಾರಿತ್ತು. ಗೂಡಿನ ಕತ್ತಲೆಯನ್ನು ಅವನು ನೋಡುತ್ತಿದ್ದ ರೀತಿಯನ್ನು ರಮಾನಾಥ ಗುರುತಿಟ್ಟುಕೊಂಡ. ಅಲ್ಲೊಂದು ಗುಟ್ಟು ಇದ್ದದ್ದು ಇವನಿಗೂ ಈಗಷ್ಟೇ ಗೊತ್ತಾಗಿತ್ತು. ಗೊತ್ತಾಗಿ ಹೆದರಿದ್ದ.

“ಗೂಡು ನಿಮ್ಮವರು ಮುಚ್ಚಿದ್ದು ಅಂತ ನೀವೇ ಹೇಳಿದಿರಲ್ಲ ಮೆಹ್ತಾಜಿ?” ಫೌಜದಾರ ತಣ್ಣಗೆ ಕೇಳಿದ. “ದಾರಿಯಲ್ಲಿ ಬರುವಾಗಲೂ ಹೇಳಿದಿರಿ.”

“ಅದು... ರಿಪೇರಿಯ ಮಾತಿಗೆ ಹೇಳಿದ್ದು.”

“ಪಂಚನಾಮೆ ಆಗುವವರೆಗೆ ಈ ಖೋಲಿಯ ಒಂದು ಇಟ್ಟಿಗೆಯನ್ನೂ ಯಾರೂ ಮುಟ್ಟಬಾರದು. ಈ ಹೆಂಗಸನ್ನು ಎಲ್ಲಿಗೂ ಕಳಿಸುವ ಹಾಗಿಲ್ಲ. ನೀವೂ ಊರು ಬಿಡಬೇಡಿ.”

ಖೋಲಿ ಉಳಿದಿತ್ತು. ಗಂಡ ಬಂದರೆ ತಟ್ಟಬೇಕಾದ ಬಾಗಿಲು ಉಳಿದಿತ್ತು. ತಟ್ಟಿದಾಗ ಅದನ್ನು ತೆರೆಯುವವಳು ಊರ ಕಣ್ಣಿಗೆ ವಿಧವೆ. ದಾನವ್ವ ಇದನ್ನೆಲ್ಲ ಬೂಟಿನ ಸದ್ದು ಮೆಟ್ಟಿಲು ಹತ್ತುವಷ್ಟರಲ್ಲಿ ಲೆಕ್ಕ ಹಾಕಿದ್ದಳೆಂದು ರಮಾನಾಥನಿಗೆ ಈಗ ತಿಳಿಯಿತು.

ಫೌಜದಾರ ಕರಡಿಗೆಯನ್ನು ಕರವಸ್ತ್ರದಲ್ಲಿ ಹಿಡಿದು ದೀಪಕ್ಕೆ ತಿರುಗಿಸಿದ. ಬೆಳ್ಳಿ ನುಣ್ಣಗೆ ಹೊಳೆಯಿತು.

ಚಾಪೆಯ ಮೇಲೆ ರಾಚಿ ಒದ್ದೆ ಬಟ್ಟೆ ಸರಿಸಿ ಎದ್ದು ಕುಳಿತಿದ್ದಳು. ಕೆಮ್ಮಿದಳು. ಕೆಮ್ಮು ನಿಂತಿತು. ಅವಳು ಕೈ ಚಾಚಿದಳು. ಬಳೆ ಒಡೆದುಕೊಂಡ ಹೆಣ್ಣಿನ ಮಗುವೆಂದು ಫೌಜದಾರನಿಗೆ ಕರುಣೆ ಬಂತೇನೋ. ಬಾಗಿ ಕರಡಿಗೆಯನ್ನು ಅವಳ ಮುಖದ ಹತ್ತಿರ ಹಿಡಿದ.

ಅವಳು ಅದರ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದಳು. ಒಂದು ಸುತ್ತು, ಮತ್ತೊಂದು ಸುತ್ತು. ಹುಬ್ಬು ಗಂಟಿಕ್ಕಿತು.

“ಅಪ್ಪಂದಲ್ಲ ಇದು,” ಎಂದಳು. “ನಾ ಕಚ್ಚಿದ್ದು ಎಲ್ಲೈತಿ?”

ದಾನವ್ವ ಅಲುಗಲಿಲ್ಲ. ಚೆನ್ನಯ ಕಣ್ಣು ತೆರೆದು ರಮಾನಾಥನನ್ನು ನೋಡಿದ. ಆ ಖೋಲಿಯಲ್ಲಿ ಕನ್ನಡ ತಿಳಿದವರು ಅವರಷ್ಟೇ.

ಫೌಜದಾರ ನೆಟ್ಟಗೆ ನಿಂತು ರಮಾನಾಥನ ಕಡೆಗೆ ತಿರುಗಿದ.

“ಪೋರಗಿ ಕಾಯ ಮ್ಹಣತೇ?” ಹುಡುಗಿ ಏನು ಹೇಳುತ್ತಿದ್ದಾಳೆ?

ಜೇಬಿನೊಳಗೆ ರಮಾನಾಥನ ಬೆರಳುಗಳಿಗೆ ಆ ಪುಟ್ಟ ಹಲ್ಲಿನ ತಗ್ಗುಗಳು ಒಂದೊಂದಾಗಿ ಸಿಗುತ್ತಿದ್ದವು. ಅವನು ಬಾಯಿ ತೆರೆದ.